ನಾಲ್ಕನೆಯ ಗಡಿಯಾರ

ಮೇ ಐದರ ಬೆಳಿಗ್ಗೆ ಹತ್ತೂವರೆಗೆ ಆ ಕಾಗದ ಮೇಜಿನ ಮೇಲೆ ಬಂದು ಬಿದ್ದಾಗಿನಿಂದ ಅವನು ಅದನ್ನು ನಾಲ್ಕು ಸಲ ಓದಿದ್ದ. ಐದನೆಯ ಸಲ ಓದಬಾರದೆಂದು ಅದರ ಮೇಲೆ ಚಹಾದ ಲೋಟ ಇಟ್ಟಿದ್ದ. ಲೋಟದ ತಳದ ಒದ್ದೆ ಕಾಗದಕ್ಕೆ ಇಳಿದು ಶಾಯಿ ಹರಡತೊಡಗಿದ್ದು ಕಂಡಾಗ, ಸರಿ, ಹರಡಲಿ, ಎಲ್ಲ ಅಳಿಸಿಹೋಗಲಿ ಎಂದುಕೊಂಡ. ಮರುಕ್ಷಣವೇ ಲೋಟ ಎತ್ತಿ ಅಂಗಿಯ ತೋಳಿನಿಂದ ಒರೆಸಿದ. ಐವತ್ತೆರಡು ವರ್ಷದ ಮನುಷ್ಯ ಕಾಗದ ಒರೆಸುವುದನ್ನು ಎದುರು ಮೇಜಿನ ಹುಡುಗಿ ನೋಡಿ ಏನೂ ಕಾಣದವಳ ಹಾಗೆ ಮುಖ ತಿರುಗಿಸಿದಳು. ಇಲ್ಲಿ ಎಲ್ಲರೂ ಅವನ ವಿಷಯದಲ್ಲಿ ಹೀಗೆಯೇ. ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ ಅವನದು ಹನ್ನೆರಡು ಸಾಲಿನ ಅಂಕಣ, ‘ಈ ದಿನ, ಆ ದಿನ’. ಯಾವ ತಾರೀಖಿನಂದು ಆಟದ ಲೋಕದಲ್ಲಿ ಏನಾಯಿತು ಎಂಬುದು ಆರು ಮರದ ಡಬ್ಬಿಗಳಲ್ಲಿ, ದಿನಕ್ಕೊಂದು ಕಟ್ಟಿನಂತೆ, ಅವನದೇ ಅಕ್ಷರದಲ್ಲಿತ್ತು. ನಾಳಿನ ಪತ್ರಿಕೆಗೆ ಇವತ್ತೇ ಬರೆಯಬೇಕು. ಇಪ್ಪತ್ತಾರು ವರ್ಷದಿಂದ ಅವನು ಬದುಕಿದ್ದು ಒಂದು ದಿನ ಮುಂದಾಗಿಯೇ, ಆದರೂ ಯಾವತ್ತೂ ಯಾವುದರಲ್ಲೂ ಮುಂದೆ ಹೋದವನಲ್ಲ.

ಮೇ ಆರರ ಕಟ್ಟು ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. ೧೯೧೫, ಮುಂದೆ ಹೊಡೆತಗಳಿಗೇ ಹೆಸರಾಗಲಿದ್ದ ಬೇಸ್‌ಬಾಲ್ ಎಸೆತಗಾರನೊಬ್ಬನ ಮೊದಲ ಹೋಮ್ ರನ್. ೧೯೫೪, ಗಾಳಿ ಬೀಸುತ್ತಿದ್ದ ಒಂದು ಸಂಜೆ ವೈದ್ಯಕೀಯ ಓದುತ್ತಿದ್ದ ಯುವಕನೊಬ್ಬ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿ ಮುಗಿಸಿದ್ದು. ಮೂರು ನಿಮಿಷ ಐವತ್ತೊಂಬತ್ತು ಪಾಯಿಂಟ್ ನಾಲ್ಕು ಸೆಕೆಂಡು. ಆ ನಾಲ್ಕು ಎಂಬ ಅಂಕಿಯನ್ನು ಬರೆಯುವಾಗ ಪ್ರತಿ ವರ್ಷವೂ ಅವನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಒಂದು ಸೆಕೆಂಡನ್ನು ಹತ್ತು ಪಾಲು ಮಾಡಿ ಅದರಲ್ಲೊಂದನ್ನು ಎತ್ತಿ ಮನುಷ್ಯನ ಕೈಗೆ ಕೊಡುವುದೆಂದರೆ ಏನೆಂದು ಈ ಕಚೇರಿಯಲ್ಲಿ ಬಲ್ಲವನು ಅವನೊಬ್ಬನೇ. ಕಟ್ಟಿನ ಕೊನೆಯಲ್ಲಿ ಇನ್ನೊಂದು ಚೀಟಿ ಇರಬೇಕಿತ್ತು. ಅದನ್ನು ಅವನು ಯಾವತ್ತೂ ಬರೆದಿರಲಿಲ್ಲ. ಮೂವತ್ತೊಂದು ವರ್ಷದ ಹಿಂದಿನ ಮೇ ಆರು, ಇದೇ ಊರಿನ ಮೈದಾನ, ಹೆಂಗಸರ ಎಂಟುನೂರು ಮೀಟರ್, ಗೆದ್ದವಳು ಅವನ ಅಕ್ಕ. ಗೆದ್ದೂ ಸೋತವಳು.

‘ಮಾನ್ಯ ಅಂಕಣಕಾರರೇ,’ ಎಂದಿತ್ತು ಕಾಗದ. ನಡುಗುವ ದೊಡ್ಡ ಅಕ್ಷರಗಳು. ‘ಪ್ರತಿ ವರ್ಷ ಮೇ ಆರರಂದು ತಾವು ಆ ಮೈಲಿಯ ವಿಷಯ ಬರೆಯುತ್ತೀರಿ, ಸಂತೋಷ. ನಮ್ಮ ಮೈದಾನದಲ್ಲೂ ಅದೇ ತಾರೀಖು ಒಂದು ಓಟ ನಡೆದಿತ್ತು. ಗೆದ್ದ ಹುಡುಗಿಗೆ ತಂಡದ ಆಯ್ಕೆಯ ಗಡಿ ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿನಿಂದ ತಪ್ಪಿಹೋಯಿತು. ಆ ದಿನ ಸಮಯ ಹಿಡಿಯಲು ನಿಂತಿದ್ದ ಮೂವರ ಹಿಂದೆ ನಾನು ನಾಲ್ಕನೆಯವನಾಗಿ ನಿಂತಿದ್ದೆ. ನನ್ನ ಗಡಿಯಾರದಲ್ಲಿ ಎಷ್ಟಿತ್ತೆಂದು ಯಾರೂ ಕೇಳಲಿಲ್ಲ, ಕೇಳುವ ಪ್ರಮೇಯವೂ ಬರಲಿಲ್ಲ. ಆದರೆ ಬರೆದಿಟ್ಟುಕೊಂಡಿದ್ದೇನೆ. ತಮಗೆ ಬೇಕಿದ್ದರೆ ಫೋನ್ ಮಾಡಿ.’ ಕೆಳಗೆ ಫೋನ್ ನಂಬರು. ಅಂಕಣದಲ್ಲಿ ಅವನ ಹೆಸರು ಬರುತ್ತಿರಲಿಲ್ಲ, ಹಾಗಾಗಿ ತಾನು ಯಾರಿಗೆ ಬರೆಯುತ್ತಿದ್ದೇನೆಂದು ಆ ಮುದುಕರಿಗೆ ಗೊತ್ತಿರಲು ಸಾಧ್ಯವಿಲ್ಲ. ಗೊತ್ತಿದ್ದೇ ಬರೆದಿದ್ದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ನಿಜಕ್ಕೂ ಹೆಗಲು ಮುಟ್ಟಿಕೊಂಡ, ಕುತ್ತಿಗೆಯ ಬೆವರು ಒರೆಸಿಕೊಳ್ಳುವ ನೆಪದಲ್ಲಿ.

ನಿಯಮ ಸರಳವಾಗಿತ್ತು. ಗೆದ್ದವರಿಗೆ ಮೂರು ಸ್ಟಾಪ್‌ವಾಚು. ಎರಡು ಒಂದೇ ಹೇಳಿದರೆ ಅದೇ ಅಧಿಕೃತ ಸಮಯ. ಮೂರೂ ಬೇರೆ ಬೇರೆ ಹೇಳಿದರೆ ನಡುವಿನದು. ಮೂರರಲ್ಲಿ ಒಂದು ಕೈಕೊಟ್ಟರೆ ಮಾತ್ರ ಹಿಂದೆ ನಿಂತ ನಾಲ್ಕನೆಯವನನ್ನು ಕೇಳುವುದು. ಅವತ್ತು ಖಾಯಂ ಬರುತ್ತಿದ್ದ ಒಬ್ಬರಿಗೆ ಜ್ವರ ಬಂದು, ಸಮಯಗಾರರ ಪರೀಕ್ಷೆ ಪಾಸು ಮಾಡಿಕೊಂಡಿದ್ದ ಇಪ್ಪತ್ತೊಂದರ ಇವನನ್ನು ಎರಡನೆಯವನಾಗಿ ಗುರಿಗೆರೆಯ ಪಕ್ಕದ ಮೆಟ್ಟಿಲ ಮೇಲೆ ನಿಲ್ಲಿಸಿದರು. ಓಡುವವಳ ತಮ್ಮ ಇವನು ಎಂದು ಯಾರೋ ಅಂದದ್ದಕ್ಕೆ ಹಿರಿಯ ಸಮಯಗಾರರು, ‘ಗಡಿಯಾರಕ್ಕೇನು ಅಕ್ಕ ತಂಗಿ ಇರ್ತಾರೇನ್ರೀ?’ ಎಂದು ನಕ್ಕಿದ್ದರು. ಪಿಸ್ತೂಲಿನ ಸದ್ದಿಗೆ ಕಾಯಬಾರದು, ಹೊಗೆ ಕಂಡೊಡನೆ ಗುಂಡಿ ಒತ್ತಬೇಕು. ಅವನು ಹೊಗೆಯನ್ನು ನೋಡುತ್ತಿರಲಿಲ್ಲ. ಅಕ್ಕನ ಮುಖ ನೋಡುತ್ತಿದ್ದ. ಅವಳು ತುಟಿ ಕಚ್ಚಿಕೊಂಡಿದ್ದಳು, ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ಅವನ ಶಾಲೆಯ ಅಂಗಿಗೆ ಇಸ್ತ್ರಿ ಹಾಕುವಾಗ ಕಚ್ಚಿಕೊಳ್ಳುತ್ತಿದ್ದಂತೆ. ಸದ್ದಾಯಿತು, ಎಲ್ಲರೂ ಓಡಿದರು, ಅವನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು, ಒತ್ತಿದ್ದೇನೆ ಎಂದೇ ಅವನು ನಂಬಿದ್ದ. ಮೊದಲ ಸುತ್ತು ಮುಗಿಸಿ ಅಕ್ಕ ಎದುರಿಗೆ ಹಾದುಹೋದಾಗ ಕೆಳಗೆ ನೋಡಿದ. ಮುಳ್ಳು ಸೊನ್ನೆಯ ಮೇಲಿತ್ತು.

ಎರಡನೆಯ ಸುತ್ತಿಗೆ ಅಕ್ಕ ತೆಗೆದುಕೊಂಡದ್ದು ಒಂದು ನಿಮಿಷಕ್ಕಿಂತ ನಾಲ್ಕೈದು ಸೆಕೆಂಡು ಹೆಚ್ಚು. ಅಷ್ಟೂ ಹೊತ್ತು ಅವನು ಬಾಯಿ ತೆರೆಯಬಹುದಿತ್ತು. ‘ನನ್ನದು ಓಡ್ತಿಲ್ಲ’ ಅನ್ನಲು ಎಷ್ಟು ಹೊತ್ತು ಬೇಕು? ಒಂದು ಸೆಕೆಂಡು. ಅಂಥ ಅರವತ್ತಕ್ಕೂ ಹೆಚ್ಚು ಸೆಕೆಂಡುಗಳನ್ನು ಅವನು ಒಂದೊಂದಾಗಿ ನುಂಗಿದ. ಏನೆಂದು ಹೇಳುವುದು? ಅಕ್ಕನ ಮುಖ ನೋಡುತ್ತ ನಿಂತಿದ್ದೆ ಎಂದೇ? ಹಿರಿಯರು ಮತ್ತೆ ನಗುತ್ತಿದ್ದರು, ಈ ಸಲ ಬೇರೆ ಥರ. ಅಕ್ಕ ಎಲ್ಲರಿಗಿಂತ ಹದಿನೈದು ಗಜ ಮುಂದೆ ಬಂದು ದಾರ ಹರಿದಳು. ಪಕ್ಕದಲ್ಲಿ ಮೊದಲ ಗಡಿಯಾರ ಹಿಡಿದಿದ್ದ ಹೆಡ್‌ಮಾಸ್ತರರು ಮೊದಲು ಕೂಗಿದರು, ‘ಎರಡು ನಿಮಿಷ, ಎಂಟು ಪಾಯಿಂಟ್ ಆರು.’ ಹಿರಿಯ ಸಮಯಗಾರರ ಪೆನ್ನು ಇವನ ಕಡೆ ತಿರುಗಿತು. ‘ಎಂಟು ಪಾಯಿಂಟ್ ಆರು’ ಎಂದುಬಿಟ್ಟ. ಅಂದದ್ದು ತಾನೋ ಬೇರೆ ಯಾರೋ ಎಂಬಂತಿತ್ತು ದನಿ. ಆಮೇಲೆ ಮೂರನೆಯವರು ಹೇಳಿದರು, ‘ನನ್ನದು ಎಂಟು ಪಾಯಿಂಟ್ ಮೂರು.’ ಆಯ್ಕೆಯ ಗಡಿ ಎಂಟು ಪಾಯಿಂಟ್ ಐದು. ಇಬ್ಬರದು ಒಂದೇ, ಹಾಗಾಗಿ ಆರು. ನಾಲ್ಕನೆಯವನ ಕಡೆ ಯಾರೂ ತಿರುಗಲಿಲ್ಲ. ಬೆನ್ನ ಹಿಂದೆ ಆತ ತನ್ನ ಗಡಿಯಾರವನ್ನು ಸೊನ್ನೆಗೆ ತಂದ ಸದ್ದು, ಟಕ್ ಅಂತ ಒಂದು, ಅವನಿಗೆ ಕೇಳಿಸಿತ್ತು.

‘ಸಾರ್, ಮೈಲಿ?’ ಕ್ರೀಡಾಪುಟದ ಮುಖ್ಯಸ್ಥ ಮೇಜಿನ ಮೂಲೆಗೆ ಸೊಂಟ ಆನಿಸಿ ನಿಂತಿದ್ದ. ಮೂವತ್ತನಾಲ್ಕರವನು. ಸಾರ್ ಅನ್ನುತ್ತಾನೆ, ಆದರೆ ಬೈಗುಳ ಕೂಡ ಅದಕ್ಕಿಂತ ಮೆತ್ತಗಿರುತ್ತದೆ. ‘ಪ್ರತಿ ವರ್ಷ ಅದೇ ಮೈಲಿ. ಓದೋರು ಅವನ ಜೊತೆ ಓಡಿ ಓಡಿ ಸುಸ್ತಾಗಿದಾರೆ.’

‘ಮೇ ಆರೂ ಪ್ರತಿ ವರ್ಷ ಬರತ್ತಲ್ಲ’ ಎಂದ ಅವನು.

‘ಇದೆಲ್ಲ ಈಗ ಗುಂಡಿ ಒತ್ತಿದರೆ ಸಿಗತ್ತೆ ಸಾರ್. ನಿಮ್ಮ ಡಬ್ಬಿಯಲ್ಲಿ ಊರಿನದು ಏನಾದ್ರೂ ಇದ್ರೆ ಕೊಡಿ. ನಾಲ್ಕು ಗಂಟೆ ಒಳಗೆ. ಇಲ್ಲ ಅಂದ್ರೆ ಆ ಜಾಗಕ್ಕೆ ಫೋಟೋ ಹಾಕ್ಕೋತೀನಿ.’ ಅವನ ಕಣ್ಣು ಕಾಗದದ ಮೇಲೆ ಬಿತ್ತು. ‘ಏನದು, ಓದುಗರ ಪತ್ರಾನಾ?’

‘ಲಾಂಡ್ರಿ ಚೀಟಿ’ ಎಂದ ಅವನು. ಅಷ್ಟು ಚೆಂದದ ಸುಳ್ಳು ಅಷ್ಟು ಬೇಗ ಬಂದದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಗುಂಡಿ ಒತ್ತಿದರೆ ಸಿಗುತ್ತದಂತೆ. ಒತ್ತದಿದ್ದರೆ ಏನಾಗುತ್ತದೆಂದು ಆ ಮಗನಿಗೇನು ಗೊತ್ತು.

ಫೋನು ಹಿಡಿದು ಮೆಟ್ಟಿಲ ತಿರುವಿಗೆ ಹೋದ. ಕಸಬರಿಗೆ, ಬಕೆಟ್ಟು, ಹಳೆಯ ಪತ್ರಿಕೆಯ ಕಟ್ಟುಗಳ ನಡುವೆ ನಿಂತು ಲೆಕ್ಕ ಹಾಕಿದ, ಮೂವತ್ತೊಂದು ವರ್ಷದಿಂದ ಹಾಕುತ್ತಿದ್ದ ಲೆಕ್ಕವನ್ನೇ. ತಾನು ನಿಜ ಹೇಳಿದ್ದರೆ ನಾಲ್ಕನೆಯದನ್ನು ಕೇಳುತ್ತಿದ್ದರು. ಆಗ ಆರು, ಮೂರು, ಮತ್ತು ಅದು. ಅದು ಐದೋ ಐದಕ್ಕಿಂತ ಕಡಿಮೆಯೋ ಇದ್ದರೆ ಅಕ್ಕ ಆಯ್ಕೆಯಾಗುತ್ತಿದ್ದಳು, ಬೇರೆ ಮೈದಾನಗಳು, ಬೇರೆ ಊರುಗಳು, ಬೇರೆಯೇ ಬದುಕು. ಅದನ್ನು ಹೊಸಕಿ ಹಾಕಿದವನು ತಾನು. ಆರೋ ಆರಕ್ಕಿಂತ ಹೆಚ್ಚೋ ಇದ್ದರೆ ನಡುವಿನದು ಆರೇ, ತಾನು ಹೇಳಿದರೂ ಅಷ್ಟೆ, ಹೇಳದಿದ್ದರೂ ಅಷ್ಟೆ. ಒಂದು ಅಂಕಿ. ಅದು ಒಬ್ಬ ಮುದುಕನ ನೋಟ್‌ಬುಕ್ಕಿನಲ್ಲಿ ಇಷ್ಟು ವರ್ಷ ಆರಾಮವಾಗಿ ಮಲಗಿತ್ತು, ಇವನು ಮಾತ್ರ ಮಲಗಿರಲಿಲ್ಲ. ನಂಬರು ಒತ್ತುವಾಗ ಎರಡು ಸಲ ತಪ್ಪಿದ.

‘ಅಂಕಣದವರಾ! ಬನ್ನಿ ಬನ್ನಿ’ ಎಂದರು ಮುದುಕರು, ಫೋನಿನಲ್ಲೇ ಕುರ್ಚಿ ಕೊಡುವವರಂತೆ. ‘ನೀವು ಫೋನ್ ಮಾಡಲ್ಲ ಅಂತ ನಮ್ಮ ಸೊಸೆ ಅಂದಿದ್ದಳು. ನೋಡಮ್ಮ, ಮಾಡಿದಾರೆ. ಊಟ ಆಯ್ತಾ ತಮ್ಮದು?’

‘ಆಯ್ತು. ಆ ಸಮಯ...’

‘ತಡೀರಿ, ಕನ್ನಡಕ ಎಲ್ಲಿಟ್ಟೆ. ಆ ಹುಡುಗಿ ಹೇಗೆ ಓಡ್ತಿದ್ದಳು ಅಂತೀರಿ! ಮಣ್ಣು ಮುಟ್ಟಿದರೆ ಮಣ್ಣಿಗೇ ಗೊತ್ತಾಗಬಾರದು ಹಾಗೆ. ಆಮೇಲೆ ಅವಳು ಏನಾದಳೋ. ನಿಮಗೇನಾದ್ರೂ ಗೊತ್ತಾ?’

‘ಇಲ್ಲ’ ಎಂದ. ಎರಡನೆಯ ಸುಳ್ಳು. ಫೋನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಕಪಾಟಿನ ಬಾಗಿಲು, ಕೆಮ್ಮು, ‘ಇದಲ್ಲ, ಇದು ಸ್ಕೂಲಿಂದು’ ಎಂಬ ಗೊಣಗಾಟ, ಸೊಸೆ ಏನೋ ಕೇಳಿದ್ದು, ಮುದುಕರು ‘ನೀನು ಸುಮ್ನಿರಮ್ಮ’ ಎಂದದ್ದು. ಅವನ ಹೆಬ್ಬೆರಳು ಕಸಬರಿಗೆಯ ಹಿಡಿಯನ್ನು ಒತ್ತಿ ಹಿಡಿದಿತ್ತು. ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬಂದು, ಅವನನ್ನು ನೋಡಿ, ಬದಿಗೆ ಸರಿದು ಹೋದರು.

‘ಸಿಕ್ತು. ಎರಡು ನಿಮಿಷ, ಎಂಟು ಪಾಯಿಂಟ್ ಏಳು.’

‘ಏಳಾ?’

‘ಏಳು. ಸ್ಪಷ್ಟವಾಗಿದೆ. ನನ್ನ ಹೆಬ್ಬೆರಳು ಸ್ವಲ್ಪ ನಿಧಾನ, ಅದಕ್ಕೇ ಅಲ್ಲವೇ ನನ್ನನ್ನ ಯಾವಾಗಲೂ ನಾಲ್ಕನೆಯವನಾಗಿ ನಿಲ್ಲಿಸ್ತಿದ್ದದ್ದು’ ಎಂದು ಮುದುಕರು ನಕ್ಕರು. ಮುಂದಿನದೇನೂ ಅವನಿಗೆ ಕೇಳಿಸಲಿಲ್ಲ. ಆರು, ಮೂರು, ಏಳು. ನಡುವಿನದು ಆರು. ಅಂದೂ ಆರೇ, ಇಂದೂ ಆರೇ. ಮೆಟ್ಟಿಲ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಗಲಿಲ್ಲ. ಎದೆಯ ಮೇಲಿನ ಬಂಡೆ ಇಳಿಯಿತು ಎಂದು ಜನ ಅನ್ನುವುದು ಸುಮ್ಮನೆ ಅಲ್ಲ. ಅವನಿಗೆ ನಿಜಕ್ಕೂ ಪಕ್ಕೆಲುಬುಗಳ ನಡುವೆ ಗಾಳಿ ಆಡಿದಂತಾಯಿತು. ನಾನು ಏನೂ ಮಾಡಿಲ್ಲ. ನಾನು ಬಾಯಿ ಬಿಟ್ಟಿದ್ದರೂ ಅಕ್ಕನಿಗೆ ಏನೂ ಸಿಗುತ್ತಿರಲಿಲ್ಲ. ಹಾಗಾದರೆ ಇನ್ನು ಹೇಳಬಹುದು. ಹೇಳಿ ಇಬ್ಬರೂ ಕೂತು ನಗಬಹುದು. ನಾಳೆಯ ಅಂಕಣಕ್ಕೆ ಊರಿನದು ಸಿಕ್ಕಿತು, ಅಕ್ಕನ ಹೆಸರೂ ಬಂದಂತಾಯಿತು. ಅವನು ಅಕ್ಕನಿಗೆ ಫೋನ್ ಮಾಡಿದ.

‘ಏನೋ ಪುಟ್ಟ, ನಿನ್ನ ಮೈಲಿಯವನು ಬಂದನಾ?’ ಪ್ರತಿ ವರ್ಷ ಈ ದಿನ ಅವಳು ಕೇಳುವುದು ಇದನ್ನೇ. ತನ್ನ ಓಟದ ಮಾತು ಅವಳೂ ಎತ್ತಿದವಳಲ್ಲ. ‘ಮೈದಾನದ ಹಿಂದಿನ ರಸ್ತೇಲಿದೀನಿ, ಹಲ್ಲಿನ ಡಾಕ್ಟರಿಗೆ ರಿವರ್ಸ್ ಹೇಳಿಕೊಡ್ತಾ. ಅರ್ಜೆಂಟಾದ್ರೆ ಬಂದು ಹಿಂದೆ ಕೂತ್ಕೋ. ನಿನ್ನ ಜೀವಕ್ಕೆ ನೀನೇ ಜವಾಬ್ದಾರ.’

ಅಕ್ಕ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದಳು, ಇಪ್ಪತ್ತೆಂಟು ವರ್ಷದಿಂದ. ಕಲಿಸುವವರ ಕಾರಿನಲ್ಲಿ ಎಡಗಡೆಯೂ ಒಂದು ಬ್ರೇಕು, ಅದರ ಮೇಲೆ ಸದಾ ಅವಳ ಕಾಲು. ಎಂಟುನೂರು ಮೀಟರ್ ಓಡಿದ ಕಾಲು ದಿನಕ್ಕೆ ಎಂಟು ಗಂಟೆ ಅಲುಗಾಡದೆ ಕೂತಿರುತ್ತದೆ ಎಂಬ ಯೋಚನೆ ಬಂದಾಗಲೆಲ್ಲ ಅವನು ಬೇರೇನನ್ನಾದರೂ ಯೋಚಿಸುತ್ತಿದ್ದ. ಇವತ್ತು ಅದನ್ನೇ ಯೋಚಿಸುತ್ತ, ಹೆಚ್ಚುಕಡಿಮೆ ಓಡುತ್ತ, ಮೂರು ಬೀದಿ ದಾಟಿ ಹೋದ. ಏದುಸಿರು ಬಿಡುತ್ತ ಹಿಂದಿನ ಸೀಟಿನಲ್ಲಿ ಕೂತಾಗ ಡಾಕ್ಟರು ಕನ್ನಡಿಯಲ್ಲಿ ಅವನನ್ನು ದೀನರಾಗಿ ನೋಡಿದರು. ಪರೀಕ್ಷೆಯಲ್ಲಿ ಮೂರು ಸಲ ನಪಾಸಾದವರು, ಸ್ಟಿಯರಿಂಗನ್ನು ರೋಗಿಯ ದವಡೆಯ ಹಾಗೆ ಹಿಡಿದಿದ್ದರು.

‘ನನ್ನ ತಮ್ಮ. ಅವನನ್ನ ಮರೆತುಬಿಡಿ’ ಎಂದಳು ಅಕ್ಕ. ‘ಕ್ಲಚ್ ಮೆತ್ತಗೆ ಬಿಡಿ ಡಾಕ್ಟ್ರೇ. ಹಲ್ಲು ಕೀಳ್ತಾ ಇಲ್ಲ ನೀವು.’ ಕಾರು ಹಿಂದಕ್ಕೆ ಹೊರಟು ಎರಡು ಸಲ ಕುಪ್ಪಳಿಸಿ ನಿಂತಿತು. ‘ಹೇಳೋ. ಏನು ಅರ್ಜೆಂಟು?’

ಡಾಕ್ಟರ ಎದುರಿಗೆ ಬೇಡ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಮೂರನೆಯವರಿದ್ದರೆ ಮಾತು ಹಗುರಾಗುತ್ತದೆ ಎಂದೂ ಅನ್ನಿಸಿತು. ಹೇಡಿಗೆ ಯಾವಾಗಲೂ ಒಬ್ಬ ಮೂರನೆಯವನು ಬೇಕು. ಕಾಗದ ತೆಗೆದು ಓದಿದ. ನಿನ್ನ ಓಟದ ದಿನ ನಾಲ್ಕನೆಯ ಗಡಿಯಾರ ಹಿಡಿದಿದ್ದವರು, ಇನ್ನೂ ಇದಾರೆ ಅಕ್ಕ, ಫೋನ್ ಮಾಡಿದೆ, ಎಂದ. ಅಕ್ಕ ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. ‘ಹ್ಞೂ’ ಎಂದಳು.

‘ಅವರದು ಎಂಟು ಪಾಯಿಂಟ್ ಏಳಂತೆ. ನಡುವಿನದು ಹಿಡಿದರೂ ಆರೇ. ಏನೇ ಮಾಡಿದ್ರೂ ಆರೇ ಬರ್ತಿತ್ತು.’

‘ಅವರನ್ನ ಯಾಕೆ ಕೇಳಬೇಕಿತ್ತು? ನೀವು ಮೂವರಿದ್ರಲ್ಲ.’

‘ಅದೇ ಹೇಳ್ತಾ ಇರೋದು’ ಎಂದು ಅವನು ನಕ್ಕ, ಮೆಟ್ಟಿಲ ಮೇಲೆ ಕೂತು ಅಂದುಕೊಂಡಿದ್ದ ನಗೆಯನ್ನೇ. ‘ನನ್ನ ಗಡಿಯಾರ ಅವತ್ತು ಓಡಲೇ ಇಲ್ಲ ಅಕ್ಕ. ಗುಂಡಿ ಸರಿಯಾಗಿ ಒತ್ತಿರಲಿಲ್ಲ ನಾನು. ನಿನ್ನನ್ನ ನೋಡ್ತಾ ನಿಂತುಬಿಟ್ಟೆ. ಆಮೇಲೆ ಹೇಳೋಕೆ ಭಯ ಆಗಿ ಪಕ್ಕದ ಹೆಡ್‌ಮಾಸ್ತರು ಅಂದದ್ದನ್ನೇ ಅಂದುಬಿಟ್ಟೆ. ಮೂವತ್ತೊಂದು ವರ್ಷ ಒದ್ದಾಡಿದೀನಿ. ಇವತ್ತು ಗೊತ್ತಾಯ್ತು ನೋಡು, ನಾನು ನಿಜ ಹೇಳಿದ್ರೂ ಏನೂ ಬದಲಾಗ್ತಿರಲಿಲ್ಲ.’

ಅಕ್ಕ ತುಸು ಮುಂದೆ ಬಗ್ಗಿ ಡ್ಯಾಷ್‌ಬೋರ್ಡಿನ ಧೂಳನ್ನು ಬೆರಳಿನಿಂದ ಒರೆಸಿ ಬೆರಳು ನೋಡಿಕೊಂಡಳು. ‘ಹೊರಡಿ ಡಾಕ್ಟ್ರೇ’ ಎಂದಳು, ‘ಮೊದಲನೇ ಗೇರು. ನೇರ ಹೋಗಿ.’ ಕಾರು ಹೊರಟಿತು. ಮೈದಾನದ ಗೋಡೆ ಕಿಟಕಿಯಲ್ಲಿ ಹಿಂದಕ್ಕೆ ಸರಿಯತೊಡಗಿತು. ಬೈಯಬೇಕಿತ್ತು, ಲೋ ಕತ್ತೆ ಅನ್ನಬೇಕಿತ್ತು. ಇಷ್ಟು ವರ್ಷ ಆದಮೇಲೆ ಬೈದರೂ ಅದು ನಗೆಯೇ ಆಗುತ್ತಿತ್ತು ಎಂದು ಅವನು ಲೆಕ್ಕ ಹಾಕಿದ್ದ.

‘ನಮ್ಮ ಕೋಚ್ ಮನೆಗೆ ಬಂದಿದ್ದು ನೆನಪಿದೆಯಾ ನಿನಗೆ?’ ಎಂದಳು.

ನೆನಪಿತ್ತು. ಓಟದ ಮರುದಿನವೇ ಬಂದಿದ್ದರು. ಆ ವಾರದಲ್ಲಿ ಮೂರು ಸಲ. ಹದಿನೈದು ದಿನಕ್ಕೆ ಇನ್ನೊಂದು ಕೂಟವಿದೆ, ಅಲ್ಲಿ ಓಡಿದರೂ ಆಯ್ಕೆಗೆ ಪರಿಗಣಿಸುತ್ತಾರೆ ಎಂದು ಅಂಗಳದಲ್ಲಿ ನಿಂತು ಅಂಗಲಾಚಿದ್ದರು. ಅಕ್ಕ ಒಳಗಿನಿಂದ ಹೊರಗೆ ಬರಲಿಲ್ಲ. ಆ ತಿಂಗಳೇ ಓಟದ ಶೂಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳು. ಹಟ, ಎಂದಿದ್ದಳು ಅಮ್ಮ. ಸೋಲು ತಡೆಯೋ ಶಕ್ತಿ ಇಲ್ಲ, ಎಂದಿದ್ದರು ಅಪ್ಪ. ಅವನೂ ಹಟ ಎಂದೇ ನಂಬಿದ್ದ, ನಂಬಿದರೆ ಅನುಕೂಲವಿತ್ತು.

‘ಆ ಹೆಡ್‌ಮಾಸ್ತರು ಆರು ಅಂದದ್ದನ್ನ ನಾನು ನಂಬಲಿಲ್ಲ’ ಎಂದಳು ಅಕ್ಕ. ದನಿ ಪಾಠ ಹೇಳುವ ದನಿಯೇ ಆಗಿತ್ತು. ‘ಕಾಲಿಗೆ ಗೊತ್ತಾಗತ್ತೆ ಕಣೋ. ನಾನು ಐದರ ಒಳಗೆ ಓಡಿದೀನಿ ಅಂತ ನನ್ನ ಕಾಲು ಹೇಳ್ತಿತ್ತು. ಮೂರನೆಯವರು ಮೂರು ಅಂದ್ರಲ್ಲ, ಅದೇ ಸರಿ ಅನ್ನಿಸ್ತಿತ್ತು. ಆದ್ರೆ ನೀನೂ ಆರು ಅಂದೆ. ನನ್ನ ತಮ್ಮ ಸುಳ್ಳು ಹೇಳೋದಾದ್ರೆ ನನಗೋಸ್ಕರ ಒಂದೆರಡು ಕಡಿಮೆ ಹೇಳ್ತಾನೆ, ಜಾಸ್ತಿ ಅಂತೂ ಹೇಳಲ್ಲ ಅಂದ್ಕೊಂಡೆ. ಇವನೇ ಕಣ್ಣಾರೆ ನೋಡಿ ಆರು ಅಂದ ಮೇಲೆ ಸುಳ್ಳು ಹೇಳ್ತಿರೋದು ನನ್ನ ಕಾಲೇ. ಇನ್ನು ಆ ಕಾಲನ್ನ ನಂಬಿ ಯಾವ ಕೂಟಕ್ಕೆ ಹೋಗಲಿ? ಅಷ್ಟೇ ನಾನು ಅಂತ ಬಿಟ್ಟೆ.’

ಅವನು ಬಾಯಿ ತೆರೆದ. ಏಳು ಎಂಬ ಅಂಕಿ ನಾಲಿಗೆಯ ತುದಿಯಲ್ಲಿತ್ತು, ಅದಕ್ಕೀಗ ಯಾವ ಬೆಲೆಯೂ ಇರಲಿಲ್ಲ. ಇಷ್ಟು ವರ್ಷ ಅವನು ಒದ್ದಾಡಿದ್ದು ಬೇರೊಂದೇ ತಪ್ಪಿಗೆ. ಹತ್ತರಲ್ಲಿ ಒಂದು ಪಾಲು ಕದ್ದೆ ಎಂದುಕೊಂಡಿದ್ದ, ಕದ್ದದ್ದು ಅದಲ್ಲ. ‘ಅಕ್ಕ’ ಎಂದ. ‘ಗೊತ್ತಿರಲಿಲ್ಲ ಅಕ್ಕ. ನೀನು ಒಂದು ಸಲ ಕೇಳಿದ್ದಿದ್ರೆ...’

‘ನಿನ್ನನ್ನ ಕೇಳೋದಾ?’ ಎಂದಳು ಅಕ್ಕ. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ‘ನಿನ್ನನ್ನ ಅನುಮಾನಿಸಿ ಕೇಳಬೇಕಿತ್ತಾ ನಾನು?’

ಡಾಕ್ಟರು ಎರಡನೆಯ ಗೇರಿಗೆ ಬಂದರು, ಯಾರೂ ಹೇಳದೆ.

‘ಎಡಕ್ಕೆ ಹಾಕಿ ನಿಲ್ಲಿಸಿ ಡಾಕ್ಟ್ರೇ. ಇವನು ಇಳೀತಾನೆ.’

ಕಾರು ಜರ್ಕಿಲ್ಲದೆ, ಅಂಚಿಗೆ ಸಮನಾಗಿ ನಿಂತಿತು. ‘ಚೆನ್ನಾಗಿ ನಿಲ್ಲಿಸಿದ್ರಿ’ ಎಂದಳು ಅಕ್ಕ. ಅವನು ಇಳಿದು ಬಾಗಿಲು ಮುಚ್ಚಿದ. ಅವಳ ಕಿಟಕಿ ಅರ್ಧ ತೆರೆದಿತ್ತು. ಅವಳು ತಿರುಗುತ್ತಾಳೇನೋ ಎಂದು ಅಲ್ಲಿಯೇ ನಿಂತ. ಅವಳ ಕೈ ತೊಡೆಯ ಮೇಲಿತ್ತು, ಬೆರಳುಗಳು ಸೀರೆಯ ಮಡಿಕೆಯನ್ನು ಹಿಡಿದು ಬಿಡುತ್ತಿದ್ದವು.

‘ಕನ್ನಡಿ ನೋಡಿಕೊಂಡು ಹೊರಡಿ’ ಎಂದಳು.

ಡಾಕ್ಟರು ಕನ್ನಡಿ ನೋಡಿದರು, ಆಮೇಲೆ ತಲೆ ತಿರುಗಿಸಿ ಅವಳ ಕಿಟಕಿಯ ಕಡೆಗೂ ನೋಡಿದರು. ‘ಮೇಡಂ, ನಿಮ್ಮ ತಮ್ಮ ಅಲ್ಲೇ ನಿಂತಿದಾರೆ.’

‘ಗಾಡಿ ಬರ್ತಿದೆಯಾ ನೋಡಿ ಅಂದದ್ದು ಡಾಕ್ಟ್ರೇ’ ಎಂದಳು ಅಕ್ಕ. ‘ನಿಂತವರನ್ನ ನೋಡೋದು ಬೇಡ.’